ನೂಲು ಸಿಗದ ಕಾಪರ್ ಟಿ: ಕಾಸರಗೋಡಿನ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

"ಸಿಸ್ಟರೇ, ನೂಲು ಕೈಗೆ ಸಿಕ್ಕುದಿಲ್ಲ, ಎಂತ ಮಾಡುದು?"

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಆರೋಗ್ಯ ಸಿಸ್ಟರ್ ಆಗಿ ಮನೆ ಮನೆ ಹತ್ತಿಳಿದ ವರ್ಷಗಳಲ್ಲಿ ಈ ಮಾತು ಕೇಳಿದ್ದು ಅಡುಗೆಮನೆಯ ಹಿಂದಿನ ಜಗಲಿಯಲ್ಲಿ, ಬಾವಿಕಟ್ಟೆಯ ಬಳಿ, ಅಂಗನವಾಡಿಯ ಮೂಲೆಯಲ್ಲಿ. ಯಾವಾಗಲೂ ಪಿಸುಮಾತಿನಲ್ಲಿ. ಅತ್ತೆ ಬಂದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು, ಉತ್ತರ ಅರ್ಧಕ್ಕೇ ಉಳಿಯುತ್ತಿತ್ತು. ಆ ಅರ್ಧ ಉತ್ತರಗಳನ್ನು ಇಲ್ಲಿ ಪೂರ್ತಿ ಮಾಡಲು ಹೊರಟಿದ್ದೇನೆ. ಬಸಿರು ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಈ ಸಣ್ಣ ಸಾಧನಕ್ಕೆ ಕರ್ನಾಟಕದ ಕಡೆ ವಂಕಿ ಎಂಬ ಹೆಸರೂ ಇದೆ; ನಮ್ಮಲ್ಲಿ ಕಾಪರ್ ಟಿ ಎಂದೇ ರೂಢಿ.

ಕಾಪರ್ ಟಿಗೆ ನೂಲು ಯಾಕೆ?

ಎರಡೇ ಕೆಲಸಕ್ಕೆ. ಒಳಗೆ ಇದೆಯೇ ಎಂದು ನೋಡಲು, ಬೇಡವಾದಾಗ ಎಳೆದು ತೆಗೆಯಲು. ಗರ್ಭ ನಿಲ್ಲದಂತೆ ತಡೆಯುವುದು ತಾಮ್ರ, ನೂಲಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಹಾಕುವ 380 ಎ ಎಂಬುದು 'ಟಿ' ಅಕ್ಷರದ ಆಕಾರದ ಪ್ಲಾಸ್ಟಿಕ್. ಅದರ ಮೇಲಿರುವ ತಾಮ್ರದ ಮೇಲ್ಮೈ 380 ಚದರ ಮಿಲಿಮೀಟರ್, ಹೆಸರು ಬಂದದ್ದು ಅದರಿಂದ. ಬುಡದಲ್ಲಿ ಎರಡೆಳೆ ಪ್ಲಾಸ್ಟಿಕ್ ನೂಲು ಕಟ್ಟಿರುತ್ತದೆ. ಹಾಕಿದ ಮೇಲೆ ಗರ್ಭಕೋಶದ ಬಾಯಿಂದ ಹೊರಗೆ ಎರಡು ಮೂರು ಸೆಂಟಿಮೀಟರ್ ಉಳಿಸಿ ಕತ್ತರಿಸುತ್ತಾರೆ. ನೂಲು ಕಾಣುತ್ತಿದ್ದರೆ ತೆಗೆಯುವುದು ಒಂದೆರಡು ನಿಮಿಷದ ಕೆಲಸ: ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಟಿಯ ಎರಡು ಕೈಗಳು ಮೇಲಕ್ಕೆ ಮಡಚಿಕೊಂಡು ಇಡಿಯಾಗಿ ಹೊರಗೆ ಬರುತ್ತದೆ.

ನೂಲು ಸಿಗುವುದಿಲ್ಲ ಎಂದರೆ ಅದು ಬಿದ್ದುಹೋಗಿದೆ ಎಂದು ಅರ್ಥವೇ?

ಅಲ್ಲ. ಹೆಚ್ಚಿನವರಲ್ಲಿ ಕಾಪರ್ ಟಿ ಇರಬೇಕಾದ ಜಾಗದಲ್ಲೇ ಇರುತ್ತದೆ, ನೂಲು ಮಾತ್ರ ಸುರುಳಿಯಾಗಿ ಗರ್ಭಕೋಶದ ಬಾಯಿಯೊಳಗೋ ಅದಕ್ಕಿಂತ ಮೇಲಕ್ಕೋ ಸರಿದಿರುತ್ತದೆ. ಹಾಕುವಾಗಲೇ ತೀರಾ ಗಿಡ್ಡ ಕತ್ತರಿಸಿದ್ದರೂ ಹೀಗಾಗುತ್ತದೆ. ಗಂಡನಿಗೆ ಚುಚ್ಚುತ್ತದೆ ಎಂದು ಆಮೇಲೆ ಇನ್ನಷ್ಟು ಕತ್ತರಿಸಿದವರಲ್ಲೂ ಕಂಡಿದ್ದೇನೆ. ಬೆರಳಿಗೆ ಸಿಗದ ನೂಲು ಡಾಕ್ಟರ ಕಣ್ಣಿಗೆ ಸುಲಭವಾಗಿ ಕಾಣುವುದೂ ಉಂಟು.

ಆದರೆ ಇನ್ನೂ ಮೂರು ಸಾಧ್ಯತೆಗಳಿವೆ, ಅವನ್ನು ಬಿಡುವಂತಿಲ್ಲ. ಒಂದು, ನಿಮಗೆ ಗೊತ್ತಾಗದೆ ಮುಟ್ಟಿನ ರಕ್ತದ ಜೊತೆ ಬಿದ್ದುಹೋಗಿರಬಹುದು. ನೂರರಲ್ಲಿ ಸುಮಾರು ಐದು ಮಂದಿಗೆ ಹೀಗಾಗುತ್ತದೆ, ಹೆಚ್ಚಾಗಿ ಮೊದಲ ವರ್ಷದಲ್ಲಿ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ. ಎರಡು, ಬಸಿರು ನಿಂತು ಗರ್ಭಕೋಶ ದೊಡ್ಡದಾಗುತ್ತ ನೂಲು ಮೇಲಕ್ಕೆ ಹೋಗಿರಬಹುದು. ಮೂರು, ಅಪರೂಪಕ್ಕೆ, ಗರ್ಭಕೋಶದ ಗೋಡೆ ತೂತಾಗಿ ಹೊಟ್ಟೆಯೊಳಗೆ ಸೇರಿರಬಹುದು. ನಾಲ್ಕರಲ್ಲಿ ನಿಮ್ಮದು ಯಾವುದು ಎಂಬುದು ಪರೀಕ್ಷೆಯಿಂದ ಮಾತ್ರ ತಿಳಿಯುವಂಥದ್ದು. ತಿಳಿಯುವ ತನಕ ಗರ್ಭನಿರೋಧ ಇಲ್ಲ ಎಂದೇ ಲೆಕ್ಕ ಹಿಡಿದು ಕಾಂಡೋಮ್ ಬಳಸಿ.

ಹೆರಿಗೆಯಾದ ಕೂಡಲೇ ಹಾಕಿದ್ದು. ನೂಲು ಒಮ್ಮೆಯೂ ಕಂಡದ್ದಿಲ್ಲ. ಯಾಕೆ ಹೀಗೆ?

ಈಗೀಗ ನನ್ನ ಬಳಿ ಬರುವ ಪ್ರಶ್ನೆಗಳಲ್ಲಿ ಇದೇ ಹೆಚ್ಚು. ಹೆರಿಗೆಯಾಗಿ 48 ಗಂಟೆಯೊಳಗೆ, ಅಥವಾ ಸಿಸೇರಿಯನ್ ಮಾಡುವಾಗಲೇ ಕಾಪರ್ ಟಿ ಹಾಕುವ ಕ್ರಮ ಸರಕಾರಿ ಆಸ್ಪತ್ರೆಗಳಲ್ಲಿದೆ. ಆ ಹೊತ್ತಿಗೆ ಗರ್ಭಕೋಶ ಹೊಕ್ಕುಳಿನ ಮಟ್ಟಕ್ಕೆ ಇರುತ್ತದೆ. ಅಷ್ಟು ಎತ್ತರದಲ್ಲಿ ಇಟ್ಟ ಕಾಪರ್ ಟಿಯ ನೂಲು ಬಾಯಿಯವರೆಗೆ ಎಟಕುವುದಿಲ್ಲ. ಆರು ವಾರದಲ್ಲಿ ಗರ್ಭಕೋಶ ಕುಗ್ಗುತ್ತ ಬಂದಂತೆ ನೂಲು ತಾನಾಗಿ ಕೆಳಗಿಳಿಯಬೇಕು. ಕೆಲವರಿಗೆ ಇಳಿಯುತ್ತದೆ, ಕೆಲವರಿಗೆ ಒಳಗೇ ಸುತ್ತಿಕೊಂಡು ಉಳಿಯುತ್ತದೆ. ಸಿಸೇರಿಯನ್‌ನಲ್ಲಿ ಹೊಟ್ಟೆಯ ಕಡೆಯಿಂದ ಇಡುವುದರಿಂದ ನೂಲು ಕಾಣದಿರುವುದು ಇನ್ನೂ ಸಾಮಾನ್ಯ. ಯಾರೂ ತಪ್ಪು ಮಾಡಿದ್ದಲ್ಲ, ನಿಮ್ಮ ಮೈಯ ದೋಷವೂ ಅಲ್ಲ.

ಆದರೆ ಹೆರಿಗೆಯ ಬೆನ್ನಿಗೇ ಹಾಕಿದ್ದು ಬಿದ್ದುಹೋಗುವ ಸಂಭವವೂ ಬೇರೆ ಸಮಯದಲ್ಲಿ ಹಾಕಿದ್ದಕ್ಕಿಂತ ಹೆಚ್ಚು. ಹಾಗಾಗಿ ಆರನೆಯ ವಾರದ ತಪಾಸಣೆ ತಪ್ಪಿಸಬೇಡಿ. ಬಾಣಂತನಕ್ಕೆ ತವರಿಗೆ ಹೋದವರು ಮಗುವಿನ ಚುಚ್ಚುಮದ್ದಿಗೆ ಬರುತ್ತಾರೆ, ತಮ್ಮ ತಪಾಸಣೆಯನ್ನು ಬಿಟ್ಟುಬಿಡುತ್ತಾರೆ. ಮಗುವನ್ನು ಎತ್ತಿಕೊಂಡು ಬಂದ ಆ ದಿನವೇ "ನನ್ನದನ್ನೂ ನೋಡಿ" ಎಂದು ಕೇಳಿ.

ನನಗೆ ಹಾಕಿದ್ದಾರೋ ಇಲ್ಲವೋ ಎಂಬುದೇ ಸರಿಯಾಗಿ ಗೊತ್ತಿಲ್ಲ.

ಹೆರಿಗೆ ನೋವಿನ ನಡುವೆ ಯಾರೋ ಏನೋ ಕೇಳಿದರು, ತಲೆಯಾಡಿಸಿದೆ ಎನ್ನುವವರು ಇದ್ದಾರೆ. ಅಂಥ ಒಪ್ಪಿಗೆಯನ್ನು ನಾನು ಒಪ್ಪಿಗೆ ಎನ್ನಲಾರೆ. ಬಸಿರಿನ ತಪಾಸಣೆಗೆ ಬರುವಾಗಲೇ, ತಲೆ ತಣ್ಣಗಿರುವಾಗ, ತಿಳಿಯುವ ಭಾಷೆಯಲ್ಲಿ ಕೇಳಬೇಕು. ಈಗ ಮಾಡಬೇಕಾದ್ದು ಇಷ್ಟು: ಡಿಸ್ಚಾರ್ಜ್ ಚೀಟಿ ಹುಡುಕಿ. ಅದರಲ್ಲಿ ಕಾಪರ್ ಟಿ ಎಂದೋ, ಐ.ಯು.ಸಿ.ಡಿ. ಅಥವಾ ಪಿ.ಪಿ.ಐ.ಯು.ಸಿ.ಡಿ. ಎಂದೋ ಬರೆದಿರುತ್ತದೆ. ಹಾಕಿದ ದಿನ, ತೆಗೆಯಬೇಕಾದ ದಿನ ಇರುವ ಬೇರೆ ಕಾರ್ಡನ್ನೂ ಕೊಡುತ್ತಾರೆ. ಓದಲು ಕಷ್ಟವಾದರೆ ಆಶಾ ಕಾರ್ಯಕರ್ತೆಗೋ ಉಪಕೇಂದ್ರದ ಸಿಸ್ಟರಿಗೋ ತೋರಿಸಿ. ಚೀಟಿ ಕಳೆದಿದ್ದರೆ ಒಂದು ಸ್ಕ್ಯಾನಿಂಗ್ ಸಂಶಯ ಬಗೆಹರಿಸುತ್ತದೆ.

ಆಸ್ಪತ್ರೆಗೆ ಹೋದರೆ ಮೊದಲು ಏನು ಮಾಡುತ್ತಾರೆ?

ಕೊನೆಯ ಮುಟ್ಟು ಯಾವಾಗ ಎಂದು ಕೇಳಿ ಮೂತ್ರ ಪರೀಕ್ಷೆ ಮಾಡುತ್ತಾರೆ. "ಕಾಪರ್ ಟಿ ಇದೆಯಲ್ಲ, ಬಸಿರು ಹೇಗೆ?" ಎಂದು ಬೇಸರಿಸಬೇಡಿ. ಬಸಿರಿಲ್ಲ ಎಂದು ಖಚಿತವಾಗದೆ ಗರ್ಭಕೋಶದೊಳಗೆ ಸಲಕರಣೆ ಹಾಕುವಂತಿಲ್ಲ, ಎಕ್ಸ್‌ರೇಯೂ ತೆಗೆಯುವಂತಿಲ್ಲ. ಬಳಿಕ ಯೋನಿಯನ್ನು ತುಸು ಅಗಲಿಸುವ ಸ್ಪೆಕ್ಯುಲಮ್ ಎಂಬ ಸಲಕರಣೆ ಇಟ್ಟು ನೋಡುತ್ತಾರೆ. ನೂಲು ಕಾಣದಿದ್ದರೆ ಸಣ್ಣ ಬ್ರಷ್ಷನ್ನು ಗರ್ಭಕೋಶದ ಬಾಯಿಯೊಳಗಿಟ್ಟು ಮೆಲ್ಲಗೆ ತಿರುಗಿಸುತ್ತಾರೆ. ಒಳಗೆ ಸುತ್ತಿಕೊಂಡ ನೂಲು ಎಷ್ಟೋ ಸಲ ಆ ಬ್ರಷ್ಷಿಗೇ ಸಿಕ್ಕಿ ಹೊರಗೆ ಬರುತ್ತದೆ, ಕೆಲಸ ಅಲ್ಲಿಗೇ ಮುಗಿಯುತ್ತದೆ. ಬರದಿದ್ದರೆ ಸ್ಕ್ಯಾನಿಂಗ್.

ಸ್ಕ್ಯಾನಿಂಗ್‌ನಲ್ಲಿ ಕಾಣಲಿಲ್ಲ. "ಬಿದ್ದಿರಬೇಕು" ಎಂದು ಹೇಳಿ ಕಳಿಸಿದರು. ಸುಮ್ಮನಿರಬಹುದೇ?

ಇರಬೇಡಿ. ಈ ಪುಟದಲ್ಲಿ ಒಂದೇ ಉತ್ತರ ಓದಲು ನಿಮಗೆ ಪುರುಸೊತ್ತಿದ್ದರೆ ಇದನ್ನು ಓದಿ.

ಕಾಪರ್ ಟಿ ಬಿದ್ದದ್ದನ್ನು ನೀವು ಕಣ್ಣಾರೆ ಕಂಡಿದ್ದರೆ ಸರಿ. ಕಂಡಿಲ್ಲ, ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಖಾಲಿ ಎಂದಾದರೆ ಹೊಟ್ಟೆಯ ಎಕ್ಸ್‌ರೇ ಆಗಲೇಬೇಕು. ಗರ್ಭಕೋಶದ ಹೊರಗೆ, ಕರುಳಿನ ಮಡಿಕೆಗಳ ನಡುವೆ ಸೇರಿದ ಕಾಪರ್ ಟಿ ಸ್ಕ್ಯಾನಿಂಗ್‌ಗೆ ಕಾಣದೆ ಹೋಗಬಹುದು. ಎಕ್ಸ್‌ರೇಯಿಂದ ಅದು ತಪ್ಪಿಸಿಕೊಳ್ಳುವುದಿಲ್ಲ. ಅದರ ಪ್ಲಾಸ್ಟಿಕ್‌ಗೆ ಬೇರಿಯಂ ಸಲ್ಫೇಟ್ ಬೆರೆಸಿರುವುದೇ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣಲಿ ಎಂದು. ಕಿಬ್ಬೊಟ್ಟೆ ಮಾತ್ರ ಸಾಲದು, ಮೇಲೆ ಎದೆಗೂ ಹೊಟ್ಟೆಗೂ ನಡುವಿನ ವಪೆಯವರೆಗೂ ಫಿಲ್ಮಿನಲ್ಲಿ ಬರಬೇಕು. ಪೂರ್ತಿ ಹೊಟ್ಟೆಯ ಫಿಲ್ಮಿನಲ್ಲೂ ಇಲ್ಲ ಎಂದಾದರೆ ಮಾತ್ರ "ಬಿದ್ದಿದೆ" ಎನ್ನಬಹುದು.

ನನ್ನ ವಾರ್ಡಿನ ಒಬ್ಬಾಕೆಯನ್ನು ಒಂದು ಆಸ್ಪತ್ರೆಯಲ್ಲಿ "ಬಿದ್ದಿರಬೇಕು" ಎಂದು ಹೇಳಿ ಕಳಿಸಿದ್ದರು. ನಾನೂ ಆ ಮಾತನ್ನೇ ನಂಬಿ ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಎರಡು ವರ್ಷ ಕಳೆದು ಸೊಂಟನೋವೆಂದು ತೆಗೆಸಿದ ಎಕ್ಸ್‌ರೇಯಲ್ಲಿ ಹೊಟ್ಟೆಯ ಬಲಬದಿಗೆ ಬೆಳ್ಳನೆಯ ಒಂದು ಟಿ. ಆಪರೇಷನ್ ಆಗಿ ಆಕೆ ಆರಾಮವಾಗಿದ್ದಾಳೆ. ಆ ಎರಡು ವರ್ಷ ನಾನು ಕೇಳಬೇಕಿದ್ದ ಪ್ರಶ್ನೆ ಕೇಳಲಿಲ್ಲ ಎಂಬುದು ಈಗಲೂ ನನ್ನನ್ನು ಕೊರೆಯುತ್ತದೆ. "ಎಕ್ಸ್‌ರೇ ತೆಗೆದಿದ್ದಾರಾ?" ಎಂಬ ಪ್ರಶ್ನೆ ಅದು.

ಒಳಗೇ ಇದೆ, ನೂಲಿಲ್ಲ. ತೆಗೆಯುವುದು ಹೇಗೆ? ತುಂಬ ನೋವಾಗುತ್ತದೆಯೇ?

ನೂಲು ಹಿಡಿದು ಎಳೆಯುವಷ್ಟು ಸುಲಭವಲ್ಲ, ಆದರೂ ಬಹುಪಾಲು ಮಂದಿಗೆ ಹೊಟ್ಟೆ ಕೊಯ್ಯುವ ಅಗತ್ಯ ಇಲ್ಲ. ಸಪೂರದ, ಉದ್ದನೆಯ ಒಂದು ಇಕ್ಕಳ ಇದೆ. ತುದಿಯಲ್ಲಿ ಮೊಸಳೆಯ ಬಾಯಿಯಂತೆ ಸಣ್ಣ ಹಲ್ಲುಗಳು. ಅದನ್ನು ಗರ್ಭಕೋಶದ ಬಾಯಿಯ ಮೂಲಕ ಒಳಗೆ ಬಿಟ್ಟು ಕಾಪರ್ ಟಿಯನ್ನೋ ನೂಲನ್ನೋ ಹಿಡಿದು ತರುತ್ತಾರೆ. ಕೊಕ್ಕೆಯಂಥ ಸಲಕರಣೆಯೂ ಇದೆ. ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಇಟ್ಟು, ಪರದೆಯಲ್ಲಿ ನೋಡುತ್ತ ಹಿಡಿದರೆ ಕತ್ತಲೆಯಲ್ಲಿ ತಡಕಾಡುವುದು ತಪ್ಪುತ್ತದೆ.

ನೋವಿನ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ. ಮುಟ್ಟಿನ ಹೊಟ್ಟೆನೋವು ಜೋರಾದಂತೆ ಕೆಲವು ನಿಮಿಷ ಕಿವುಚುತ್ತದೆ. ಸಾಮಾನ್ಯ ಹೆರಿಗೆಯಾದವರಿಗೆ ಕಡಿಮೆ, ಸಿಸೇರಿಯನ್ ಮಾತ್ರ ಆದವರಿಗೆ ತುಸು ಹೆಚ್ಚು. ಅರ್ಧ ಮುಕ್ಕಾಲು ಗಂಟೆ ಮೊದಲೇ ನೋವಿನ ಮಾತ್ರೆ ಕೊಡಬಹುದು, ಗರ್ಭಕೋಶದ ಬಾಯಿಯ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಡಬಹುದು. ಇವನ್ನು ಕೇಳಲು ಸಂಕೋಚ ಬೇಡ. ಹೆತ್ತವಳಿಗೆ ಇದೇನು ಮಹಾ ಎಂದು ಯಾರಾದರೂ ಹೇಳಿದರೆ ಆ ಮಾತಿಗೆ ಬೆಲೆ ಕೊಡಬೇಡಿ. ಸಹಿಸಲಾಗದಿದ್ದರೆ "ಸಾಕು, ನಿಲ್ಲಿಸಿ" ಎನ್ನಿ, ನಿಲ್ಲಿಸಬೇಕು.

ಒಂದೆರಡು ಪ್ರಯತ್ನದಲ್ಲಿ ಸಿಗದಿದ್ದರೆ ಕುರುಡಾಗಿ ಮತ್ತೆ ಮತ್ತೆ ಹುಡುಕುವುದರಿಂದ ಗರ್ಭಕೋಶಕ್ಕೆ ಗಾಯವಾಗುತ್ತದೆ. ಆಗ ಹಿಸ್ಟರೋಸ್ಕೋಪಿ: ಸಪೂರದ ಕ್ಯಾಮರಾ ಕೊಳವೆಯನ್ನು ಕೆಳಗಿನಿಂದಲೇ ಒಳಗೆ ಬಿಟ್ಟು, ಕಣ್ಣಿಂದ ಕಂಡು ತೆಗೆಯುವುದು. ಗರ್ಭಕೋಶದ ಗೋಡೆಗೆ ಹುದುಗಿದ್ದಕ್ಕೂ, ಕೈ ಮುರಿದು ತುಂಡು ಉಳಿದದ್ದಕ್ಕೂ ಇದೇ ದಾರಿ. ಹೊಟ್ಟೆಯ ಮೇಲೆ ಗಾಯ ಇಲ್ಲ, ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ.

ತೆಗೆದ ಮೇಲೆ ಅದನ್ನು ನಿಮಗೆ ತೋರಿಸಲು ಹೇಳಿ. ಉದ್ದದ ಕಡ್ಡಿ, ಎರಡು ಕೈ, ಎಲ್ಲ ಇದೆಯೇ ನೋಡಿ.

ಮೇಲೆ ಮೇಲೆ ಹೋಗಿ ಹೃದಯಕ್ಕೆ ತಾಗುತ್ತದಂತೆ, ಹೌದೇ?

ಇಲ್ಲ. ಗರ್ಭಕೋಶದಿಂದ ಹೃದಯಕ್ಕೆ ಹಾಗೆ ಹೋಗುವ ದಾರಿಯೇ ಇಲ್ಲ. ಆಗಬಹುದಾದದ್ದು ಗರ್ಭಕೋಶ ತೂತಾಗಿ ಹೊಟ್ಟೆಯೊಳಗೆ ಸೇರುವುದು. ಸಾವಿರ ಮಂದಿಗೆ ಹಾಕಿದರೆ ಒಬ್ಬಿಬ್ಬರಿಗೆ ಆಗುವಂಥದ್ದು. ಹೆಚ್ಚಾಗಿ ಹಾಕುವ ಹೊತ್ತಿಗೇ ಆಗಿರುತ್ತದೆ, ಗೊತ್ತಾಗುವುದು ತಡವಾಗಿ. ಹೆರಿಗೆಯಾಗಿ ಕೆಲವು ತಿಂಗಳು ಕಳೆದು, ಮಗು ಇನ್ನೂ ಹಾಲು ಕುಡಿಯುತ್ತಿರುವಾಗ ಹಾಕಿಸಿಕೊಂಡರೆ ಈ ಅಪಾಯ ಸ್ವಲ್ಪ ಹೆಚ್ಚು, ಗರ್ಭಕೋಶದ ಗೋಡೆ ಆಗ ಮೆದು.

ಹೊಟ್ಟೆಯೊಳಗೆ ಸೇರಿದ್ದನ್ನು ನೋವಿಲ್ಲದಿದ್ದರೂ ತೆಗೆಸಬೇಕು. ತಾಮ್ರದ ಸುತ್ತ ಉರಿಯೂತವಾಗಿ ಕರುಳು ಅಂಟಿಕೊಳ್ಳಬಹುದು. ಬೇಗ ಹೋದರೆ ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಕೀಹೋಲ್ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಮುಗಿಯುತ್ತದೆ.

ಪರೀಕ್ಷೆಯಲ್ಲಿ ಬಸಿರು ಎಂದು ಬಂದರೆ?

ತಡಮಾಡದೆ ಸ್ಕ್ಯಾನಿಂಗ್ ಮಾಡಿಸಿ. ಕಾಪರ್ ಟಿ ಇರುವಾಗ ಬಸಿರಾಗುವುದೇ ಅಪರೂಪ, ಆದರೆ ಆದಾಗ ಅದು ಗರ್ಭನಾಳದಲ್ಲಿ ನಿಂತಿರುವ ಸಂಭವ ಉಳಿದವರಿಗಿಂತ ಹೆಚ್ಚು. ಒಂದೇ ಬದಿಯ ಕಿಬ್ಬೊಟ್ಟೆ ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಇದ್ದರೆ ರಾತ್ರಿಯಾದರೂ ಹೊರಡಿ, ಬೆಳಗಿನ ಬಸ್ಸಿಗೆ ಕಾಯಬೇಡಿ.

ಮಗು ಗರ್ಭಕೋಶದಲ್ಲೇ ಇದ್ದು ನೂಲೂ ಕಾಣುತ್ತಿದ್ದರೆ ಮೊದಲ ಮೂರು ತಿಂಗಳೊಳಗೆ ಮೆಲ್ಲಗೆ ತೆಗೆಯುವುದು ಒಳ್ಳೆಯದು, ಉಳಿದರೆ ಬಸಿರು ಇಳಿಯುವ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯ ಹೆಚ್ಚು. ನೂಲು ಕಾಣದಿದ್ದರೆ ಹುಡುಕಲು ಹೋಗಬಾರದು. ಬಸಿರು ಮುಂದುವರಿಸುವವರು ತಪಾಸಣೆ ತಪ್ಪಿಸದೆ, ಜ್ವರ, ರಕ್ತ, ನೀರು ಹೋಗುವುದು ಕಂಡರೆ ಕೂಡಲೇ ತೋರಿಸಬೇಕು. ಹೆರಿಗೆಯ ಸಮಯದಲ್ಲಿ ಮಾಸಿನ ಜೊತೆ ಕಾಪರ್ ಟಿ ಬಂತೇ ಎಂದು ನೋಡಲು ಹೇಳಿ. ಬರದಿದ್ದರೆ ಬಾಣಂತನ ಕಳೆದ ಮೇಲೆ ಎಕ್ಸ್‌ರೇ.

ಯಾವ ತೊಂದರೆಯೂ ಇಲ್ಲ. ಆದರೂ ತೆಗೆಸಲೇಬೇಕೇ?

ಸ್ಕ್ಯಾನಿಂಗ್‌ನಲ್ಲಿ ಸರಿಯಾದ ಜಾಗದಲ್ಲಿದೆ, ಅವಧಿ ಉಳಿದಿದೆ, ನಿಮಗೂ ಅದು ಬೇಕು ಎಂದಾದರೆ ನೂಲಿಲ್ಲ ಎಂಬ ಒಂದೇ ಕಾರಣಕ್ಕೆ ತೆಗೆಯಬೇಕಾಗಿಲ್ಲ. 380 ಎಗೆ 10 ವರ್ಷ, 375 ಎಂಬ ಇನ್ನೊಂದು ಬಗೆಗೆ 5 ವರ್ಷ. ಕಾರ್ಡಿನಲ್ಲಿ ಯಾವುದೆಂದು ನೋಡಿಕೊಳ್ಳಿ.

ಅವಧಿ ಮುಗಿಯದಿದ್ದರೂ ನಿಮಗೆ ಬೇಡವೆನಿಸಿದರೆ ತೆಗೆಸಿಕೊಳ್ಳುವ ಹಕ್ಕು ನಿಮ್ಮದು. ಗಂಡನ ಸಹಿ ಬೇಕಾಗಿಲ್ಲ.

ಮುಟ್ಟು ನಿಂತು ವರ್ಷಗಳಾದವು. ಇನ್ನು ಅದರ ಗೊಡವೆ ಯಾಕೆ?

ಮರೆತು ಉಳಿದ ಕಾಪರ್ ಟಿ ನಮ್ಮ ಭಾಗದ ಐವತ್ತು ಅರವತ್ತು ದಾಟಿದವರಲ್ಲಿ ಸಿಗುತ್ತಲೇ ಇರುತ್ತದೆ. ಭಾರತದಲ್ಲಿ ಸರಕಾರ 1965ರಲ್ಲೇ ತಾಮ್ರವಿಲ್ಲದ ಪ್ಲಾಸ್ಟಿಕ್ ಲೂಪ್ ಹಾಕಿಸಲು ಆರಂಭಿಸಿತ್ತು, ಅದರ ನಂತರ ಬಂದದ್ದು ಕಾಪರ್ ಟಿ. ಒಳಗೆ ಉಳಿದದ್ದು ಸೋಂಕಿಗೆ ಜಾಗವಾಗುತ್ತದೆ. ಮುಟ್ಟು ನಿಂತ ಮೇಲೆ ಕೆಟ್ಟ ವಾಸನೆಯ ಸ್ರಾವವೋ ರಕ್ತವೋ ಕಂಡರೆ ಕಾಪರ್ ಟಿಯ ಮೇಲೆ ಹೊರಿಸಿ ಸುಮ್ಮನಾಗಲೂ ಬಾರದು, ಕ್ಯಾನ್ಸರ್ ಅಲ್ಲ ಎಂದು ಖಚಿತವಾಗಬೇಕು.

ಐವತ್ತರ ನಂತರ ಮುಟ್ಟು ನಿಂತವರು ಕೊನೆಯ ಮುಟ್ಟಿನಿಂದ ಒಂದು ವರ್ಷ, ಐವತ್ತಕ್ಕಿಂತ ಮೊದಲೇ ನಿಂತವರು ಎರಡು ವರ್ಷ ಕಾದು ತೆಗೆಸಿದರೆ ಸರಿ. ಹತ್ತಿಪ್ಪತ್ತು ವರ್ಷ ಬಿಟ್ಟರೆ ಗರ್ಭಕೋಶದ ಬಾಯಿ ಕಿರಿದಾಗಿ, ನೂಲು ಒಳಗೆ ಹೋಗಿ, ಸುಲಭದ ಕೆಲಸ ಕಷ್ಟವಾಗುತ್ತದೆ. ನಿಮ್ಮ ಅಮ್ಮನನ್ನು, ಅತ್ತೆಯನ್ನು ಒಮ್ಮೆ ಕೇಳಿ ನೋಡಿ. "ಹಾಕಿಸಿದ್ದು ಹೌದು, ತೆಗೆದದ್ದು ನೆನಪಿಲ್ಲ" ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಗಲ್ಫಿನಲ್ಲಿ ಹಾಕಿಸಿದ್ದು. ಇಲ್ಲಿ ತೆಗೆಯುತ್ತಾರೆಯೇ?

ತೆಗೆಯುತ್ತಾರೆ. ಅಲ್ಲಿಯ ಚೀಟಿ, ಪ್ಯಾಕೆಟ್ಟಿನ ಚಿತ್ರ, ಯಾವುದಿದ್ದರೂ ಜೊತೆಗೆ ತನ್ನಿ. ಅದು ತಾಮ್ರದ್ದೋ ಹಾರ್ಮೋನಿನದ್ದೋ ಎಂದು ತಿಳಿದರೆ ಉಪಕಾರ. ಹಾರ್ಮೋನಿನದ್ದು ಸ್ಕ್ಯಾನಿಂಗ್‌ನಲ್ಲಿ ತಾಮ್ರದಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಅದರಲ್ಲಿ ಮುಟ್ಟು ಕಡಿಮೆಯಾಗುವುದು, ನಿಲ್ಲುವುದು ಸಹಜವಾದ್ದರಿಂದ ಮುಟ್ಟು ತಪ್ಪಿತೆಂದು ಬಸಿರೆನ್ನಲೂ ಆಗದು.

ನಾವೇ ಮನೆಯಲ್ಲಿ ತೆಗೆಯಬಹುದೇ?

ಬೇಡ. ಕಾಣದ ನೂಲನ್ನು ಹುಡುಕಿ ಬೆರಳು, ಕಡ್ಡಿ, ಪಿನ್ನು ಹಾಕಿದವರಿಗೆ ಗಾಯ, ಸೋಂಕು ಬಿಟ್ಟು ಬೇರೇನೂ ಸಿಗುವುದಿಲ್ಲ.

ತೆಗೆಸುವ ಮೊದಲು ಏನಾದರೂ ಪಥ್ಯ ಉಂಟೇ?

ಊಟದ ಪಥ್ಯ ಇಲ್ಲ, ಹಸಿದ ಹೊಟ್ಟೆಯಲ್ಲಿ ಬಂದರೆ ತಲೆಸುತ್ತು ಬರುತ್ತದೆ. ಅರಿವಳಿಕೆ ಕೊಟ್ಟು ಮಾಡುವುದಾದರೆ ಮಾತ್ರ ಉಪವಾಸ, ಅವರೇ ಹೇಳುತ್ತಾರೆ. ಮುಟ್ಟಿನ ದಿನಗಳಲ್ಲಿ ಗರ್ಭಕೋಶದ ಬಾಯಿ ತುಸು ತೆರೆದಿರುವುದರಿಂದ ಸುಲಭ, ಆದರೆ ಯಾವ ದಿನವಾದರೂ ತೆಗೆಯಬಹುದು. ಮುಟ್ಟಾದಾಗ ಡಾಕ್ಟರ ಮುಂದೆ ಹೇಗೆ ಹೋಗುವುದು ಎಂಬ ನಾಚಿಕೆಯಿಂದ ತಿಂಗಳುಗಟ್ಟಲೆ ಮುಂದೂಡಿದವರನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

ಇನ್ನೊಂದು ಮುಖ್ಯ ಸಂಗತಿ. ಮಗು ಬೇಡವೆಂದಿದ್ದರೆ ತೆಗೆಸುವ ಮೊದಲಿನ ಏಳು ದಿನ ಗಂಡನ ಜೊತೆ ಸೇರಬೇಡಿ, ಇಲ್ಲವೇ ಕಾಂಡೋಮ್ ಬಳಸಿ. ವೀರ್ಯಾಣು ಒಳಗೆ ಐದು ದಿನದ ತನಕ ಬದುಕಿರಬಲ್ಲದು. ಮಗು ಬೇಕು ಎನ್ನುವವರಿಗೆ ಇದೇ ಸಂತೋಷದ ಸುದ್ದಿ: ತೆಗೆದ ಆ ತಿಂಗಳೇ ಬಸಿರಾಗಬಹುದು, ಕಾಯಬೇಕಾಗಿಲ್ಲ.

ಎಲ್ಲಿಗೆ ಹೋಗುವುದು? ಮಂಗಳೂರಿಗೇ ಹೋಗಬೇಕೇ?

ಮೊದಲ ಹೆಜ್ಜೆಗೆ ಗಡಿ ದಾಟಬೇಕಾಗಿಲ್ಲ. ಉಪಕೇಂದ್ರದ ಸಿಸ್ಟರ್, ಕುಟುಂಬಾರೋಗ್ಯ ಕೇಂದ್ರದ ಡಾಕ್ಟರ್ ಮೊದಲ ಪರೀಕ್ಷೆ ಮಾಡಬಲ್ಲರು. ಅಲ್ಲಿಂದ ಮಂಗಲ್ಪಾಡಿಯ ತಾಲೂಕು ಆಸ್ಪತ್ರೆ, ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ತಲಪಾಡಿಯಾಚೆ ಹೋಗುವುದು ನಮಗೆ ರೂಢಿ, ಹಂಪನಕಟ್ಟೆಯ ಲೇಡಿಗೋಶನ್ ಆಸ್ಪತ್ರೆಗೆ ನಮ್ಮವರು ಹಿಂದಿನಿಂದಲೂ ಹೋಗುತ್ತಾರೆ. ಹೋಗುವುದಾದರೆ ಹಿಸ್ಟರೋಸ್ಕೋಪಿ ಇದೆಯೇ, ಯಾವ ದಿನ ಎಂದು ಮೊದಲೇ ವಿಚಾರಿಸಿ, ಇಲ್ಲಿಯ ಸ್ಕ್ಯಾನಿಂಗ್ ವರದಿ ಕೊಂಡುಹೋಗಿ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ "ಮಂಗಳೂರಿಗೆ ಹೋಗಿ ತೆಗೆಸುತ್ತೇನೆ" ಎಂದು ಕಾದವರ ಅವಧಿಯೇ ಮುಗಿದುಹೋಯಿತು. ಕೇರಳದ ಆರೋಗ್ಯ ಸಹಾಯವಾಣಿ ದಿಶಾ, ಸಂಖ್ಯೆ 1056, ಹಗಲು ರಾತ್ರಿ ಸಿಗುತ್ತದೆ.

ಡಾಕ್ಟರಿಗೆ ಕನ್ನಡ ಬರುವುದಿಲ್ಲ, ನನಗೆ ಮಲಯಾಳಂ ಬರುವುದಿಲ್ಲ.

ಈ ಕಷ್ಟವನ್ನು ಸಣ್ಣದು ಎನ್ನಲಾರೆ. ಇಂಥ ಮಾತನ್ನು ತಾಯಿನುಡಿಯಲ್ಲೇ ಹೇಳುವುದು ಕಷ್ಟ. ಒಂದು ಅನುಕೂಲ ಇದೆ: ನೂಲು ಎಂಬ ಮಾತು ಕನ್ನಡ, ತುಳು, ಮಲಯಾಳಂ ಮೂರರಲ್ಲೂ ಒಂದೇ. "ನೂಲ್ ಕಾಣುನ್ನಿಲ್ಲ" ಎಂದರೆ ಅರ್ಥವಾಗುತ್ತದೆ. ತೆಗೆಯಬೇಕು ಎನ್ನಲು "ಕೋಪ್ಪರ್ ಟಿ ಎಡುಕ್ಕಣಂ". ಅವರು ಗರ್ಭಪಾತ್ರಂ ಎನ್ನುವುದು ನಮ್ಮ ಗರ್ಭಕೋಶ, ಆರ್ತವಂ ಎನ್ನುವುದು ಮುಟ್ಟು. "ಬಿದ್ದಿರಬೇಕು" ಎಂದು ಹೇಳಿ ಕಳಿಸಲು ಹೊರಟರೆ ಕುರ್ಚಿಯಿಂದ ಏಳುವ ಮೊದಲು ಈ ಮಾತು ಕೇಳಿ: "ಎಕ್ಸ್‌ರೇ ಎಡುಕ್ಕಣ್ಡೇ?" ಎಕ್ಸ್‌ರೇ ತೆಗೆಯಬೇಡವೇ ಎಂದು ಅರ್ಥ. ಭಾಷೆ ಬಲ್ಲ ಅಕ್ಕನನ್ನೋ ಆಶಾ ಕಾರ್ಯಕರ್ತೆಯನ್ನೋ ಕರೆದೊಯ್ದರೆ ಒಳ್ಳೆಯದು. ಚಿಕ್ಕ ಮಗಳನ್ನು ದುಭಾಷಿ ಮಾಡಬೇಡಿ, ಅವಳೆದುರು ನೀವು ಅರ್ಧ ಮಾತು ನುಂಗುತ್ತೀರಿ.